ಎಂಟನೆಯ ಸುಲೇಮಾನಿ

ಮೂರನೆಯ ತಂಬಿಗೆ ಬಿಸಿನೀರು ಸುರಿದರೂ ಮೋತಿಬಿಯ ಬಲಗೈ ಮುಷ್ಟಿ ಬಿಚ್ಚಲಿಲ್ಲ.

“ಜೋರ ಮಾಡಬ್ಯಾಡವಾ, ಬೆರಳ ಮುರದಾವು,” ಎಂದಳು ಇಮಾಮಬಿ. “ಸತ್ತವರಿಗೂ ನೋವಾಕ್ಕೈತಿ. ಹಗೂರಕ ತಿಕ್ಕು. ತಾನs ಬಿಡತೈತಿ.”

ಬೆಟಗೇರಿಯ ಮುಸಲ್ಮಾನರ ಓಣಿಗಳಲ್ಲಿ ತೀರಿಕೊಂಡ ಹೆಂಗಸರಿಗೆ ಗುಸಲ್ ಮಾಡಿಸುವವಳು, ಅಂದರೆ ಕಡೆಯ ನೀರು ಹಾಕುವವಳು, ಈ ಇಮಾಮಬಿಯೇ. ಮೂವತ್ತು ವರ್ಷದಲ್ಲಿ ಎಷ್ಟು ಹೆಣ ಕಂಡಿದ್ದಳೋ, ಅವಳ ಮುಖದಲ್ಲಿ ಅದರ ಗುರುತೇ ಇರಲಿಲ್ಲ. ಎಲೆಅಡಿಕೆ ಹಾಕಿಕೊಂಡು ಬಂದು, ಹಿತ್ತಲ ಮೂಲೆಯಲ್ಲಿ ಉಗುಳಿ, ಬಾಯಿ ಮುಕ್ಕಳಿಸಿ, ಕೆಲಸಕ್ಕೆ ನಿಲ್ಲುತ್ತಿದ್ದಳು. ಇವತ್ತೂ ಹಾಗೇ ನಿಂತಿದ್ದಳು. ಹಿತ್ತಲಲ್ಲಿ ನಾಲ್ಕು ಸೀರೆ ಕಟ್ಟಿ ಮರೆ ಮಾಡಿದ್ದರು. ಮರೆಯೊಳಗೆ ಹಲಗೆಯ ಮೇಲೆ ಮೋತಿಬಿ. ತಲೆಯ ಕಡೆ ಇಮಾಮಬಿ, ಕೈಯ ಕಡೆ ಮೋತಿಬಿಯ ಒಬ್ಬಳೇ ಮಗಳು ರಹಿಮತಬಿ. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರಿನ ವಾಸನೆ ಗಂಟಲಿಗೆ ಹತ್ತುತ್ತಿತ್ತು.

“ಯಾವಾಗ ಹ್ವಾದಳು ಅಂದಿ?” ಇಮಾಮಬಿ ಕೇಳಿದಳು.

“ಹತ್ತೂವರಿಗೆ ನೋಡಿದ್ವಿ.”

“ನೋಡಿದ್ದು ಹತ್ತೂವರಿಗೆ. ನಾ ಕೇಳಾಕತ್ತಿದ್ದು ಹ್ವಾದದ್ದು ಯಾವಾಗ ಅಂತ.”

ರಹಿಮತಬಿ ತಂಬಿಗೆ ತುಂಬಿಕೊಂಡಳು. ಇಮಾಮಬಿ ಹೆಣದ ಎಡಗೈ ಎತ್ತಿ ಉಗುರು ತೋರಿಸಿದಳು. ಉಗುರಿನ ಬುಡವೆಲ್ಲ ನೇರಳೆಯಾಗಿತ್ತು.

“ಇದು ಎರಡ ತಾಸಿಂದಲ್ಲ. ಗದ್ದ ನೋಡು, ಹೆಂಗ ಸೆಟದೈತಿ. ಬೆಳಗಿನ ಬಾಂಗಿಗೂ ಮದಲs ಹ್ವಾಗ್ಯಾಳ ನಿಮ್ಮವ್ವ.”

“ಇಲ್ಲ ಖಾಲಾ. ಎಂಟೂವರಿಗೆ ನಾ ಮಾತಾಡ್ಸೀನಿ.”

“ಮಾತಾಡ್ಸಿರಬೇಕು ನೀನು. ಆಕಿ ಮಾತಾಡಿದ್ಲೇನು?”

ರಹಿಮತಬಿಯ ಕೈಯಲ್ಲಿದ್ದ ತಂಬಿಗೆ ಜಾರಿತು. ಅದು ಕಲ್ಲಿನ ಮೇಲೆ ಉರುಳಿ ನಿಂತ ಮೇಲೆ, ಆ ನಿಶ್ಶಬ್ದದಲ್ಲಿ, ಮನೆಯೊಳಗಿನಿಂದ ರಾಟಿ ತಿರುಗುವ ಸದ್ದು ಕೇಳಿಸಿತು. ಗರ್, ಗರ್, ಗರ್. ನಡುನಡುವೆ ನೂಲು ಕಂಡಿಕೆಯ ಕೊಳವೆಗೆ ಸುತ್ತುವಾಗ ಬರುವ ಸಣ್ಣ ಕಿರ್ ಸದ್ದು.

“ಯಾರದು?” ಇಮಾಮಬಿ ಸೀರೆಯ ಮರೆಯಾಚೆಗೆ ಕೂಗಿದಳು. “ಹೆಣ ಮನ್ಯಾಗಿಟಗೊಂಡು ರಾಟಿ ತಿರುವಾಕತ್ತೀರಲ್ಲ, ಚಂದ ಐತೇನು? ನಿಲ್ಲಸ್ರಿ.”

ಹೊರಗಿದ್ದ ಹೆಂಗಸರಲ್ಲೊಬ್ಬಳು ಎದ್ದು ಹೋಗಿ ಬಂದಳು. “ಅಲ್ಲಿ ಯಾರೂ ಇಲ್ಲ. ರಾಟಿ ಸುಮ್ನs ಐತಿ,” ಎಂದಳು. ಸದ್ದೂ ನಿಂತಿತ್ತು. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣಾಗುವವರೆಗೆ ಒಂದು ಮಗ್ಗವನ್ನೂ ಆಡಿಸಬಾರದೆಂಬುದು ಆ ನೇಕಾರರ ಓಣಿಯ ಕಟ್ಟಳೆ. ಹಿಂದೂಗಳ ಮನೆ ಮುಸಲ್ಮಾನರ ಮನೆ ಎಂದಿರಲಿಲ್ಲ. ಇಡೀ ಓಣಿ ಬೆಳಗಿನ ಹನ್ನೊಂದರಿಂದ ಸದ್ದಡಗಿ ಕುಳಿತಿತ್ತು.

ಅಷ್ಟರಲ್ಲಿ ಮುಷ್ಟಿ ತಾನಾಗಿ ಸಡಿಲಿತು. ಬೆರಳುಗಳ ನಡುವಿನಿಂದ ಏನೋ ಜಾರಿ ಹಲಗೆಯ ಮೇಲೆ ಟಣ್ ಎಂದು ಬಿತ್ತು.

ಕಡಲೆಕಾಳಿಗಿಂತ ತುಸು ದೊಡ್ಡದಾದ ಕರಿಯ ಕಲ್ಲು. ನಡುವೆ ಹಾಲಿನಂಥ ಒಂದೇ ಒಂದು ಬಿಳಿ ಗೆರೆ. ತೂತಿನಲ್ಲಿ ಕೆಂಪು ದಾರ. ದಾರ ಇಷ್ಟೇ ಉದ್ದ, ಕೂಸಿನ ಕುತ್ತಿಗೆಗೆ ಸಾಲುವಷ್ಟು. ಅದರ ತುದಿಗಳಿಗೆ ಯಾರೂ ಎಂದೂ ಗಂಟು ಹಾಕಿರಲಿಲ್ಲ.

“ತಗೋ,” ಎಂದಳು ಇಮಾಮಬಿ. “ಮೈಮ್ಯಾಲೆ ಏನೂ ಉಳೀಬಾರ್ದು. ಉಗುರ ಮಾತ್ರ ಬೆಳದಾವಂತ ಕತ್ತರಿಸಬ್ಯಾಡ. ಅವು ಆಕೀವು, ಆಕಿ ಸಂಗಾಟs ಹೋಗಬೇಕು.”

ರಹಿಮತಬಿ ಕಲ್ಲನ್ನು ಸೆರಗಿನ ಚುಂಗಿಗೆ ಕಟ್ಟಿಕೊಂಡಳು. ಅವಳಿಗೆ ಅಳಬೇಕಿತ್ತು, ಆದರೆ ಹೆದರಿಕೆಯಾಗಿತ್ತು, ಅಳು ಬರಲಿಲ್ಲ.

*

ಮಾತು ಸುರುವಾದದ್ದು ಹತ್ತು ದಿನಗಳ ಹಿಂದೆ.

ರಹಿಮತಬಿಯ ಮಗಳು ಹಸೀನಾಬಿಗೆ ಹತ್ತೊಂಬತ್ತು. ಆರನೇ ವಯಸ್ಸಿನಲ್ಲಿ ಎದ್ದ ಸಿಡುಬು ಜೀವ ಉಳಿಸಿ ಹೋಗಿತ್ತು, ಮುಖ ಬಿಟ್ಟಿರಲಿಲ್ಲ. ಮುಂಡರಗಿಯವರೊಬ್ಬರು ನೋಡಿ ಹೋದರು, ಶಿರಹಟ್ಟಿಯವರೊಬ್ಬರು ನೋಡಿ ಹೋದರು. ಚಹಾ ಕುಡಿದರು, ‘ತಿಳಸ್ತೀವಿ’ ಅಂದರು, ತಿಳಿಸಲಿಲ್ಲ. ಮೂರನೆಯವನು ನಜೀರಸಾಬ. ಲಕ್ಷ್ಮೇಶ್ವರದ ಅಬ್ದುಲಗನಿಯ ಮಗ, ಗದಗಿನ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಅವನೇ ಹುಡುಗಿಯನ್ನು ಕಂಡು, ಅವನೇ ಒಪ್ಪಿ, ಅವನೇ ಅಪ್ಪನನ್ನು ಕಳಿಸಿದ್ದ. “ನಾ ದಿನಾ ಸಣ್ಣ ಅಕ್ಷರಾ ನೋಡಾಂವ. ನನಗ ಮಾರಿ ಮ್ಯಾಲಿನ ಚುಕ್ಕಿ ಕಾಣೂದಿಲ್ಲ, ಅದರಾಗ ಏನ್ ಬರದೈತಿ ಅದು ಕಾಣತೈತಿ,” ಎಂದು ಯಾರ ಮುಂದೆಯೋ ಅಂದಿದ್ದನಂತೆ. ಆ ಮಾತು ಹಸೀನಾಳ ಕಿವಿಗೂ ಬಿದ್ದಿತ್ತು. ಅವತ್ತಿನಿಂದ ಅವಳು ರೊಟ್ಟಿ ಬಡಿಯುವಾಗ ಗುನುಗುತ್ತಿದ್ದಳು.

ಎಲ್ಲ ಸರಿಯಿದ್ದಾಗ ಎದುರುಮನೆಯ ಮಂಜವ್ವ ಒಂದು ಮಾತು ಉದುರಿಸಿದಳು. ಮಂಜವ್ವ ಮಗ್ಗದ ಮನೆಯ ಮುದುಕಿ, ಮೋತಿಬಿಯ ನಲವತ್ತು ವರ್ಷದ ಗೆಳತಿ. “ಲಕ್ಷ್ಮೇಶ್ವರದ ಗನಿಸಾಬನ ಮಗ ಅಲ್ಲೇನು? ಆ ಕೂಸು ನಮ್ಮ ಓಣ್ಯಾಗs ಇತ್ತಲ್ಲ ಎರಡ ತಿಂಗಳು. ಅದರ ತಾಯಿ ದವಾಖಾನ್ಯಾಗ ಬಿದ್ದಿದ್ಲು. ಗನಿಸಾಬನ ಅತ್ತಿ ಮನ್ಯಾಗ ಇಟ್ಟಿದ್ರು. ಆಡಿನ ಹಾಲ ಹಾಕ್ತೀನಿ ಅಂತಿದ್ಲು ಮುದುಕಿ. ಕೂಸ ನೋಡಿದ್ರ ಆಡಿನ ಹಾಲಿನ್ಯಾಗ ಬೆಳದಂಗ ಕಾಣತಿದ್ದಿಲ್ಲ ಬಿಡು.”

ರಹಿಮತಬಿ ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಅವಳ ತಾಯಿ ಆ ಓಣಿಯ ಎಷ್ಟೋ ಕೂಸುಗಳಿಗೆ ಹಾಲೂಡಿಸಿದವಳು. ಮತ್ತು ಅವರ ಮತದಲ್ಲಿ ಹಾಲು ಕುಡಿದ ಸಂಬಂಧ ಹೊಟ್ಟೆಯ ಸಂಬಂಧಕ್ಕೆ ಸಮ. ಮೋತಿಬಿಯ ಹಾಲು ಕುಡಿದಿದ್ದರೆ ನಜೀರ ರಹಿಮತಬಿಗೆ ತಮ್ಮ. ಹಸೀನಾಳಿಗೆ ತಾಯಿಯ ತಮ್ಮ, ಮಾಮು. ಆ ಮದುವೆ ಹರಾಮು. ಆಗ ರಹಿಮತಬಿ ಹೊಸದಾಗಿ ಮದುವೆಯಾಗಿ ಮುಂಡರಗಿಯಲ್ಲಿದ್ದಳು, ಗಂಡನೊಂದಿಗೆ ತವರಿಗೆ ಬಂದು ನೆಲೆಸಿದ್ದು ಆಮೇಲೆ; ಏನೂ ಕಂಡಿರಲಿಲ್ಲ. ನಜೀರನ ತಾಯಿ ಹೋಗಿ ಐದು ವರ್ಷ, ಆ ಅತ್ತೆ ಹೋಗಿ ಇಪ್ಪತ್ತು. ಗೊತ್ತಿದ್ದವಳು ಮೋತಿಬಿಯೊಬ್ಬಳೇ.

ಕೇಳಿದರೆ ಮೋತಿಬಿ ಮೊದಲ ದಿನ “ನೆನಪ ಮಾಡಕೊಂತೀನಿ” ಅಂದಳು. ಎರಡನೆಯ ಸಲ ಕಿವಿ ಕೇಳಿಸದವಳಂತೆ ನೂಲು ಸುತ್ತಿದಳು. ಮೂರನೆಯ ಸಲ, ನಿನ್ನೆ ಸಂಜೆ, ಮೊಮ್ಮಗಳ ಕಡೆ ಬಹಳ ಹೊತ್ತು ನೋಡಿ, “ನಾಳಿ ಹೇಳ್ತೀನಿ ತಗೋ” ಅಂದಳು.

ಇವತ್ತು ಬೆಳಿಗ್ಗೆ ಎಂಟೂವರೆಗೆ ರಹಿಮತಬಿ ಹಿಟ್ಟಿನ ಕೈಯಲ್ಲೇ ನಡುಮನೆಗೆ ಬಂದಳು. ಅವಳ ಗಂಡ ಅಲ್ಲಾಸಾಬ ಹೊರಗೆ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ. ಒಂಬತ್ತರ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋಗಿ ಹೌದು ಅಥವಾ ಇಲ್ಲ ಹೇಳಿಬರಬೇಕಿತ್ತು. ಮೋತಿಬಿ ದಿನದಂತೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಎಡಗೈ ರಾಟಿಯ ಹಿಡಿಕೆಯ ಮೇಲಿತ್ತು, ಬಲಗೈ ತೊಡೆಯ ಮೇಲೆ ಮುಷ್ಟಿಯಾಗಿತ್ತು. ಸೆರಗು ಕಣ್ಣಿನ ತನಕ ಇಳಿದಿತ್ತು. ಪಕ್ಕದ ಬುಟ್ಟಿಯಲ್ಲಿ ಎರಡೇ ಕಂಡಿಕೆ. ರಾಟಿಯ ಚಕ್ರ ಆಗತಾನೆ ನಿಂತಂತೆ ಇನ್ನೂ ಅಲುಗುತ್ತಿತ್ತು.

“ಅಮ್ಮಾ, ಅವರು ಹೊಂಟಾರ. ಖರೆ ಹೇಳಿಬಿಡು. ನಜೀರಗ ನೀ ಹಾಲ ಕುಡಿಸಿದ್ರ ಹೂಂ ಅನ್ನು, ಇಲ್ಲೇ ಮುಗಸೂಣು. ಕುಡಿಸಿಲ್ಲಂದ್ರ ಸುಮ್ನ ಕುಂತಿರು.”

ಮೋತಿಬಿ ಸುಮ್ಮನೆ ಕೂತಿದ್ದಳು.

ರಹಿಮತಬಿ ಹತ್ತೆಣಿಸುವಷ್ಟು ಹೊತ್ತು ಕಾದಳು. ನಿಕಾಹದಲ್ಲಿ ಹುಡುಗಿ ಸುಮ್ಮನಿದ್ದರೆ ಒಪ್ಪಿದಳೆಂದೇ ಲೆಕ್ಕವಲ್ಲವೇ? ಅದೇ ರೂಢಿಯಲ್ಲಿ ಅವಳು ಈ ಸುಮ್ಮನಿರುವಿಕೆಯನ್ನೂ ತೆಗೆದುಕೊಂಡಳು. ಸಂತೋಷಕ್ಕೆ ತಾಯಿಯ ಕಾಲು ಮುಟ್ಟಬೇಕೆಂದುಕೊಂಡಳು. ಕೈಯಲ್ಲಿ ಹಿಟ್ಟಿತ್ತು, ಮುಟ್ಟಲಿಲ್ಲ. ಮುಟ್ಟಿದ್ದರೆ ತಣ್ಣಗಿರುವುದು ತಿಳಿಯುತ್ತಿತ್ತು.

“ಹೋಗಿ ಬರ್ರಿ. ಆಕಿ ಇಲ್ಲ ಅಂದ್ಲು,” ಎಂದು ಹೊಸ್ತಿಲಲ್ಲಿ ನಿಂತು ಗಂಡನಿಗೆ ಹೇಳಿದಳು. ಅಂದ್ಲು ಎಂದೇ ಹೇಳಿದಳು.

*

ಮೋತಿಬಿಯ ಗಂಡ, ಎಂದೋ ತೀರಿಕೊಂಡ ಶೇಖಸಾಬ, ಉಂಗುರದ ಕಲ್ಲು ಮಾರುವವನಾಗಿದ್ದ. ತಗಡಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಗದಗ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ಸಂತೆ ಸಂತೆ ತಿರುಗುತ್ತಿದ್ದ. ಮಳೆಗಾಲದಲ್ಲಿ ಮನೆಯ ಕಟ್ಟೆಯ ಮೇಲೆ ಕೂತು ಕಲ್ಲು ಉಜ್ಜುತ್ತಿದ್ದ. ಆಗ ಮಗಳು ರಹಿಮತ ಎದುರಿಗೆ ಕೂತು ಕೇಳುತ್ತಿದ್ದಳು.

“ಅಬ್ಬಾ, ಇದಕ ಸುಲೇಮಾನಿ ಅಂತ ಯಾಕಂತಾರ?”

ಅವನು ಸಾವಿರ ಸಲ ಹೇಳಿದ ಕತೆಯನ್ನು ಮೊದಲ ಸಲದಂತೆ ಹೇಳುತ್ತಿದ್ದ. “ಸುಲೇಮಾನ ಬಾದಶಾ ಇದ್ದಾ. ಜಿನ್ನುಗಳು ಅಂವನ ಕೈಯಾಗಿದ್ದೂವು. ದೊಡ್ಡದೊಂದು ಇಮಾರತಿ ಕಟ್ಟಾಕ ಹಚ್ಚಿದ್ದಾ. ತಾನು ಕೋಲಿಗೆ ಗದ್ದಾ ಊರಿ ನಿಂತ ನೋಡ್ತಿದ್ದಾ. ಹಂಗ ನಿಂತಾಗs ಜೀವ ಹೋತು. ಹೆಣ ಬೀಳಲಿಲ್ಲ. ಜಿನ್ನುಗಳಿಗೆ ಗೊತ್ತಾಗಲಿಲ್ಲ, ಬಾದಶಾ ನೋಡಾಕತ್ತಾನ ಅಂತ ಅಂಜಿ ಅಂಜಿ ಕಲ್ಲ ಹೊತ್ತೂವು. ವರ್ಷಗಟ್ಟಲೆ ಹೊತ್ತೂವು. ಆಮ್ಯಾಲೆ ಕೋಲಿಗೆ ಒರಲಿ ಹತ್ತಿತು. ಒಳಗs ತಿಂದು ತಿಂದು, ಒಂದಿನ ಕೋಲು ಮುರೀತು, ಹೆಣ ಬಿತ್ತು. ಆಗ ಜಿನ್ನುಗಳು ಕೈಯಾಗಿನ ಕಲ್ಲು ಅಲ್ಲೇ ಒಗದು ಓಡಿದೂವು. ಆ ಕಲ್ಲs ಇವು.”

“ಮತ್ತ ಬಿಳಿ ಗೆರಿ?”

“ಮ್ಯಾಲಿನ ಕಪ್ಪು ಅಂವಾ ಬದುಕಿದ್ದ ದಿನ. ಕೆಳಗಿನ ಕಪ್ಪು ಸತ್ತ ದಿನ. ನಡುವಿನ ಬಿಳಿದು ಐತಲ್ಲ, ಅದು ಅಂವಾ ಸತ್ತದ್ದು ಯಾರಿಗೂ ಗೊತ್ತಿಲ್ಲದ ದಿನಗಳು.”

ರಹಿಮತ ಆ ಬಿಳಿ ಗೆರೆಯನ್ನು ಬೆರಳಿನಿಂದ ಮುಟ್ಟಲು ಅಂಜುತ್ತಿದ್ದಳು.

ಒಮ್ಮೆ ಗದಗಿನ ಹಕೀಮರೊಬ್ಬರು ಬೇರೆ ಕತೆ ಹೇಳಿದ್ದರಂತೆ. ಯುನಾನದವರ, ಅಂದರೆ ಗ್ರೀಕರ, ಭಾಷೆಯಲ್ಲಿ ಈ ಕಲ್ಲಿಗೆ ಉಗುರು ಎಂದೇ ಹೆಸರಂತೆ. ಒಬ್ಬ ದೇವತೆ ಮಲಗಿದ್ದಾಗ ಅವಳ ಮಗನೇ ಅವಳ ಉಗುರು ಕತ್ತರಿಸಿ ಚೆಲ್ಲಿದನಂತೆ. ದೇವತೆಯ ಮೈಯಿಂದ ಬಿದ್ದದ್ದು ಕೊಳೆಯಬಾರದೆಂದು ಉಗುರು ಕಲ್ಲಾಯಿತಂತೆ. ಶೇಖಸಾಬ ಅದನ್ನು ಹೇಳಿ ಹೊಟ್ಟೆ ಹಿಡಿದು ನಕ್ಕಿದ್ದ. “ಸಂತ್ಯಾಗ ನಿಂತು, ಬರ್ರಿ, ಯಾರದೋ ಉಗುರ ಮಾರತೀನಿ ಅಂದ್ರ ಯಾರ ಬರತಾರ?”

ಮೋತಿಬಿ ಮಾತ್ರ ನಗಲಿಲ್ಲ. ರಾಟಿ ತಿರುವುವುದನ್ನು ನಿಲ್ಲಿಸಿ, “ಅದs ಖರೆ ಇರಬೇಕು,” ಎಂದಳು. “ತಾಯಿ ಮೈಯಿಂದ ಮಕ್ಕಳಿಗೆ ಹೋದದ್ದು ಮಣ್ಣಿಗೆ ಹೋಗೂದಿಲ್ಲ. ಎಲ್ಲೋ ಒಂದ ಕಡೆ ಉಳದs ಇರತೈತಿ.”

ಆಮೇಲೆ ತಾನು ಹಾಲೂಡಿಸಿದ ಪ್ರತಿ ಕೂಸಿಗೂ ಗಂಡನಿಂದ ಒಂದೊಂದು ಸುಲೇಮಾನಿ ಉಜ್ಜಿಸಿ ಕೊರಳಿಗೆ ಕಟ್ಟುವುದು ಅವಳ ಪದ್ಧತಿಯಾಯಿತು. ದೊಡ್ಡವರಾದ ಮೇಲೆ ಒಬ್ಬರಿಗೊಬ್ಬರು ಗುರುತು ಸಿಗಲಿ, ತಿಳಿಯದೆ ತಮ್ಮತಮ್ಮೊಳಗೆ ಮದುವೆಯಾಗದಿರಲಿ ಎಂದು. ಯಾರು ಕೇಳಿದರೂ “ಏಳು ಮಕ್ಕಳು, ಏಳು ಕಲ್ಲು” ಅನ್ನುತ್ತಿದ್ದಳು. ಆ ಏಳರಲ್ಲಿ ಮೂರು ಹಿಂದೂ ಕೂಸುಗಳು.

*

ಕಫನು ಸುತ್ತಿ, ಕಪೂರ ಅತ್ತರ ಹಚ್ಚಿ, ಮೋತಿಬಿಯನ್ನು ನಡುಮನೆಯಲ್ಲಿ ಮಲಗಿಸಿದ್ದರು. ಲೋಬಾನದ ಹೊಗೆ ಮೇಲೇರಲಾರದೆ ಮೊಳಕಾಲೆತ್ತರದಲ್ಲೇ ನಿಂತಿತ್ತು. ರಹಿಮತಬಿ ಹಿತ್ತಲ ಬಾಗಿಲಲ್ಲಿ ಮಂಜವ್ವನನ್ನು ಕರೆದು ಸೆರಗಿನ ಚುಂಗು ಬಿಚ್ಚಿ ತೋರಿಸಿದಳು.

ಮಂಜವ್ವ ಕಲ್ಲನ್ನು ಬಿಸಿಲಿಗೆ ಹಿಡಿದಳು. “ಎಲ್ಲಿತ್ತಿದು?”

“ಮುಷ್ಟ್ಯಾಗ.”

“ಎಂಟನೇದು,” ಎಂದಳು ಮಂಜವ್ವ ಮೆಲ್ಲಗೆ. “ಶೇಖಸಾಬ ಇದನ್ನ ಉಜ್ಜಾಕತ್ತಾಗ ನಾನs ಕೇಳಿದ್ನಿ, ಯಾರಿಗಂತ. ‘ಹೆಸರ ಹೇಳಬ್ಯಾಡ ಅಂದಾಳ ಮೋತಿ’ ಅಂದಾ. ಆವಾಗ ಆಕೀ ಕಡೀ ಕೂಸು ಸತ್ತು ಎಂಟ ದಿನ ಆಗಿತ್ತು. ಕೂಸ ಸತ್ತಾಕೀ ಹಾಲು ಅಪಶಕುನ ಅಂತಿದ್ರಲ್ಲವಾ ಮಂದಿ. ದವಾಖಾನ್ಯಾಗ ಬಿದ್ದಾಕಿಗೆ ಗೊತ್ತಾದ್ರ ಎದಿ ಒಡಕೊಂಡಾಳು ಅಂತ ಮುಚ್ಚಿಟ್ಟಿರಬೇಕು. ಒಂದಿನ ಗನಿಸಾಬ ಬಂದು ಕೂಸಿನ್ನ ಎತಗೊಂಡು ಹೋಗೇಬಿಟ್ಟಾ. ಮೋತಿ ಮೂರ ದಿನ ಅನ್ನ ಮುಟ್ಟಲಿಲ್ಲ. ಸತ್ತ ಕೂಸಿನ ಸಲುವಾಗಿ ಅಂತ ನಾವು ತಿಳಕೊಂಡ್ವಿ.”

ರಹಿಮತಬಿ ಗೋಡೆಗೆ ಒರಗಿದಳು. ತಾಯಿ ಅಂದು ಅನ್ನ ಬಿಟ್ಟದ್ದು ಸತ್ತ ಕೂಸಿಗಾಗಿಯೋ, ಹೋದ ಕೂಸಿಗಾಗಿಯೋ. ಇಪ್ಪತ್ತನಾಲ್ಕು ವರ್ಷ ಯಾರ ಮುಂದೆಯೂ ಬಾಯಿ ಬಿಡದೆ ಈ ನೂಲು ಸುತ್ತುವ ಹೆಂಗಸು ಏನನ್ನೆಲ್ಲ ಒಳಗಿಟ್ಟುಕೊಂಡಿದ್ದಳು. ತಾಯಿಯ ಮೇಲೆ ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕಣ್ಣು ತುಂಬಿದವು.

“ಬೆಳಿಗ್ಗೆ ಸುಮ್ನ ಕುಂತಿದ್ದಕ್ಕ ನಾ ಇಲ್ಲ ಅಂತ ತಿಳಕೊಂಡೆ ಚಿಗವ್ವಾ. ಆಗಲೇ ಸತ್ತಿದ್ಲಂತ. ಇಮಾಮಬಿ ಅಂದ್ಲು.”

ಮಂಜವ್ವ ಅವಳನ್ನೇ ನೋಡಿದಳು. “ಬಾಂಗಿಗೂ ಮದಲ ಸತ್ತಿದ್ರ, ಒಂಬತ್ತರ ತನಕಾ ರಾಟಿ ತಿರುವಿದವರು ಯಾರು? ನನ್ನ ಮಗ್ಗದ ಕುಣ್ಯಾಗ ಕುಂತು ನಾ ಕೇಳೀನಿ. ಆಕೀ ಕೈ ಸದ್ದು ನನಗ ಗೊತ್ತಿಲ್ಲೇನು?”

ರಹಿಮತಬಿ ನಡುಮನೆಯ ಕಡೆ ತಿರುಗಿ ನೋಡಿದಳು.

“ನಾ ಏನೂ ನೋಡಿಲ್ಲವಾ,” ಎಂದು ಮಂಜವ್ವ ಕಲ್ಲನ್ನು ಅವಳ ಅಂಗೈಗೆ ಮರಳಿ ಇಟ್ಟಳು. “ಯಾರ ಕೇಳಿದ್ರೂ ಹೇಳೂದಿಲ್ಲ. ನಮ್ಮಾಗ ಸ್ವಾದರಮಾವಗs ಕೊಡತೀವಿ, ಮದಲನೇ ಹಕ್ಕು ಆಂವಂದs. ನನ್ನನ್ನೂ ಕೊಟ್ಟಿದ್ರು. ನಿಮ್ಮಾಗ ಹಂಗಿಲ್ಲ, ಗೊತ್ತೈತಿ. ಆದ್ರ ಆ ಹುಡಿಗಿ ಮಾರಿ ನೋಡಿ ಬಂದಾಂವ ಇಂವ ಒಬ್ಬನs ಅದಾನ.”

ಅದೇ ಹೊತ್ತಿಗೆ ಹಸೀನಾ ಒಳಗಿನಿಂದ ಬಂದಳು. ಅತ್ತು ಕಣ್ಣು ಊದಿದ್ದವು. “ಅಮ್ಮಾ, ನಾನಿ ಎಷ್ಟ ಕಂಡಿಕಿ ಸುತ್ತಿಟ್ಟಾಳ ನೋಡು. ಬುಟ್ಟಿ ತುಂಬೇತಿ. ರಾತ್ರಿ ನಿದ್ದೀನs ಮಾಡಿಲ್ಲೇನೋ,” ಎಂದಳು.

ಬೆಳಿಗ್ಗೆ ಎರಡೇ ಇದ್ದವು. ರಹಿಮತಬಿ ಮಗಳಿಗೆ ಹೇಳಲಿಲ್ಲ. ಕಲ್ಲನ್ನು ಮತ್ತೆ ಚುಂಗಿಗೆ ಕಟ್ಟಿ, ಈ ಸಲ ಎರಡು ಗಂಟು ಹಾಕಿದಳು.

*

ಮೂರು ಗಂಟೆಗೆ ಅಲ್ಲಾಸಾಬ ಬಂದ. ಬರುವಾಗ ಒಬ್ಬನೇ ಬರಲಿಲ್ಲ. ಬೀಗನಾಗುವ ಅಬ್ದುಲಗನಿ ಅರ್ಧ ಸೇರು ಸಕ್ಕರೆಯ ಪೊಟ್ಟಣ, ಮಲ್ಲಿಗೆ ದಂಡೆ ಹಿಡಿದುಕೊಂಡು ಜೊತೆಗಿದ್ದ. ಛಾಪಖಾನೆಯಿಂದ ರಜೆ ಕೇಳಿಕೊಂಡು ನಜೀರನೂ ಗದಗಿನ ಬಸ್‍ಸ್ಟ್ಯಾಂಡಿನಲ್ಲಿ ಕೂಡಿಕೊಂಡಿದ್ದ. ಮೋತಿಬಿಯ ಕೈಯಿಂದ ಸಕ್ಕರೆ ತಿಂದು ತಾರೀಖು ಗೊತ್ತುಮಾಡಬೇಕೆಂದು ಬಂದವರು ಓಣಿಯ ತಿರುವಿನಲ್ಲಿ ಜನಾಜಾದ ಡೋಲಿ ಗೋಡೆಗೆ ಒರಗಿಸಿಟ್ಟದ್ದನ್ನು ಕಂಡು ನಿಂತರು.

“ಯಾರಿಗೇನಾತು?” ಅಲ್ಲಾಸಾಬ ಕೇಳಿದ. ಹೇಳಿದರು. ಅವನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ.

ಅಬ್ದುಲಗನಿ ಸಕ್ಕರೆಯ ಪೊಟ್ಟಣವನ್ನು ಎಲ್ಲಿಡಬೇಕೋ ತಿಳಿಯದೆ ಟೊಪ್ಪಿಗೆಯೊಳಗೆ ಮುಚ್ಚಿಕೊಂಡ. ರಹಿಮತಬಿಯ ಹತ್ತಿರ ಬಂದು, “ಪುಣ್ಯವಂತಿ ತಂಗೀ. ಹೋಗೂ ಮದಲ ಮಾತ ಕೊಟ್ಟ ಹ್ವಾದ್ಲು. ಇನ್ನ ಆ ಮಾತು ನಾವ ನಡಸೂದು,” ಎಂದ.

ರಹಿಮತಬಿ ಚುಂಗಿನ ಗಂಟು ಮುಟ್ಟಿ ನೋಡಿದಳು. ಸುಮ್ಮನಿದ್ದರಾಯಿತು. ಯಾರಿಗೆ ಗೊತ್ತು? ಇಮಾಮಬಿ ಕಲ್ಲು ನೋಡಿದ್ದಾಳೆ, ಅದರ ಅರ್ಥ ಅವಳಿಗೆ ಗೊತ್ತಿಲ್ಲ. ಮಂಜವ್ವ ಬಾಯಿ ಬಿಡುವುದಿಲ್ಲ. ಕಲ್ಲನ್ನು ಬಾವಿಗೆ ಹಾಕಿದರೆ ಎಂಟನೆಯದು ಇರಲೇ ಇಲ್ಲ. ಮಗಳು ಗುನುಗುತ್ತ ರೊಟ್ಟಿ ಬಡಿಯುತ್ತಾಳೆ, ಆ ಮನೆಯಲ್ಲಿ. ಇಷ್ಟನ್ನು ಅವಳು ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಿದ್ದಾಗಲೇ ನಡುಮನೆಯಿಂದ ಮತ್ತೆ ಸದ್ದು ಬಂತು. ಗರ್, ಗರ್, ಗರ್. ಹೆಣದ ಸುತ್ತ ಕೂತ ಹೆಂಗಸರು ತಸಬಿಯ ಮಣಿ ಎಣಿಸುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಕೇಳಿಸಿದ್ದು ತನಗೊಬ್ಬಳಿಗೇ ಎಂದು ರಹಿಮತಬಿಗೆ ತಿಳಿಯಿತು.

ಲಕ್ಕುಂಡಿಯಿಂದ ಹೇಮಪ್ಪ ಬಂದಿದ್ದ. ಮೂವತ್ತೈದು ದಾಟಿದ ಒಕ್ಕಲಿಗ, ಮೋತಿಬಿಯ ಹಾಲು ಕುಡಿದವರಲ್ಲಿ ಎರಡನೆಯವನು. ಅವನು ಯಾರನ್ನೂ ಕೇಳದೆ ಡೋಲಿಯ ಮುಂದಿನ ಕೋಲಿಗೆ ಹೆಗಲು ಕೊಟ್ಟ. “ನಾ ಹೊರಬೇಕು. ನಮ್ಮವ್ವ ಹಡದಾಕಿ, ಈಕಿ ಉಳಿಸಿದಾಕಿ,” ಎಂದ. ಯಾರೂ ಬೇಡವೆನ್ನಲಿಲ್ಲ. ಅಂಗಿ ಮೇಲೆ ಸರಿದಾಗ ಅವನ ಉಡದಾರದಲ್ಲಿ ಕಟ್ಟಿದ್ದ ಕಲ್ಲು ಕಂಡಿತು. ಕರಿಯದು, ನಡುವೆ ಬಿಳಿ ಗೆರೆ.

ಹಿಂದಿನ ಕೋಲಿಗೆ ಹೆಗಲು ಕೊಟ್ಟವನು ನಜೀರ. ಅವನ ಕುತ್ತಿಗೆಯಲ್ಲಿ ಏನೂ ಇರಲಿಲ್ಲ. ಡೋಲಿ ಎದ್ದಾಗ ರಹಿಮತಬಿ ಆ ಬರಿಯ ಕುತ್ತಿಗೆಯನ್ನೇ ನೋಡುತ್ತ ನಿಂತಳು. ಹೆರದಿದ್ದರೂ ಅವನು ಈ ಮನೆಯ ಮಗನಾಗಿ ಹೊರುತ್ತಿದ್ದ, ಅದು ಅವನಿಗೇ ಗೊತ್ತಿರಲಿಲ್ಲ. ಹೆಂಗಸರು ಖಬರಸ್ತಾನಕ್ಕೆ ಹೋಗುವಂತಿಲ್ಲ. ಡೋಲಿ ತಿರುವು ದಾಟುವವರೆಗೂ ಹೊಸ್ತಿಲಲ್ಲಿ ನಿಂತಿದ್ದರು.

ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಚದುರಿದರು. ರಹಿಮತಬಿ ನಡುಮನೆಗೆ ಹೋದಳು. ರಾಟಿಯ ಮುಂದೆ ಯಾರೂ ಇರಲಿಲ್ಲ. ಚಕ್ರ ತಿರುಗುತ್ತಿತ್ತು, ಅವಸರವಿಲ್ಲದೆ, ಅರವತ್ತು ದಾಟಿದ ಮುದುಕಿಯೊಬ್ಬಳು ತಿರುವುವಷ್ಟೇ ನಿಧಾನವಾಗಿ. ಬುಟ್ಟಿ ತುಂಬಿ ಕಂಡಿಕೆಗಳು ನೆಲಕ್ಕೆ ಉರುಳಿದ್ದವು.

“ಅಮ್ಮಾ,” ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. “ನಿನ್ನ ಮಣ್ಣಿಗೆ ಒಯ್ದರು. ಇನ್ನ ಸಾಕು ಮಾಡು.”

ಚಕ್ರ ನಿಲ್ಲಲಿಲ್ಲ.

*

ಗಂಡಸರು ಮರಳಿದಾಗ ಬಿಸಿಲು ಗೋಡೆಗಳ ಮೇಲಕ್ಕೆ ಹತ್ತಿತ್ತು. ಗೋರಿಗೆ ಮೂರು ಹಿಡಿ ಮಣ್ಣು ಹಾಕಿ ಬಂದ ಕೈಗಳನ್ನು ತೊಳೆದುಕೊಂಡು ಒಳಗೆ ಬರಬೇಕು. ಹಸೀನಾ ಕೊಡದಲ್ಲಿ ನೀರು, ಒಂದು ತಂಬಿಗೆ ತಂದು ಬಾಗಿಲ ಮರೆಯಲ್ಲಿ ನಿಂತಿದ್ದಳು. ಮದುವೆಯಾಗುವವನ ಮುಂದೆ ಬರಬಾರದೆಂಬ ನಾಚಿಕೆ ಅತ್ತ ಮುಖದಲ್ಲೂ ಇತ್ತು.

ಅಲ್ಲಾಸಾಬ, ಅಬ್ದುಲಗನಿ, ಹೇಮಪ್ಪ ಕಟ್ಟೆಯ ಮೇಲೆ ಕೂತರು. ನಜೀರ ಕೆಳಗೇ ನಿಂತಿದ್ದ. ಅವನ ಎರಡೂ ಅಂಗೈ ಕೆಮ್ಮಣ್ಣಾಗಿದ್ದವು. ಒಳಗೆ ರಾಟಿ ತಿರುಗುತ್ತಲೇ ಇತ್ತು.

ರಹಿಮತಬಿ ಕಟ್ಟೆ ಇಳಿದು ಅವನ ಎದುರಿಗೆ ಹೋದಳು. ಸೆರಗಿನ ಎರಡೂ ಗಂಟು ಬಿಚ್ಚುವಷ್ಟು ಹೊತ್ತು ಎಲ್ಲರೂ ಅವಳನ್ನೇ ನೋಡಿದರು.

“ಕೈ ಮುಂದ ಮಾಡು.”

“ಹೊಲಸ ಅದಾವ್ರಿ ಅತ್ತಿ.”

“ಅತ್ತಿ ಅನಬ್ಯಾಡ ತಮ್ಮಾ,” ಎಂದಳು. “ಅಕ್ಕಾ ಅನ್ನು. ಇದು ನಮ್ಮಮ್ಮ ನಿನಗಂತ ಮಾಡ್ಸಿಟ್ಟಿದ್ದು. ನೀ ಎರಡ ತಿಂಗಳ ಕೂಸಿದ್ದಿ. ಕಟ್ಟೂ ಮದಲs ನಿನ್ನ ಒಯ್ದರು.”

ಕಲ್ಲು ಅವನ ಮಣ್ಣಿನ ಅಂಗೈಯಲ್ಲಿ ಬಿತ್ತು. ನಜೀರನಿಗೆ ಅರ್ಥವಾಗಲಿಲ್ಲ. ಅವನು ಕಲ್ಲನ್ನು ನೋಡಿದ, ಹೇಮಪ್ಪನನ್ನು ನೋಡಿದ. ಹೇಮಪ್ಪ ತನ್ನ ಉಡದಾರದ ಕಲ್ಲನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಎದ್ದು ನಿಂತಿದ್ದ. ಅಬ್ದುಲಗನಿಗೆ ಮಾತ್ರ ಎಲ್ಲ ತಿಳಿಯಿತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮಡಿಲಲ್ಲಿದ್ದ ಟೊಪ್ಪಿಗೆ ಉರುಳಿ, ಪೊಟ್ಟಣ ಒಡೆದು ಸಕ್ಕರೆ ಕಟ್ಟೆಯ ಮೇಲೆ ಚೆಲ್ಲಿತು.

ರಹಿಮತಬಿ ಬಾಗಿಲ ಕಡೆ ತಿರುಗಿದಳು. ಮಗಳ ಮುಖ ನೋಡಿದರೆ ಮಾತು ಬಾರದೆಂದು ಅವಳ ಕೈಯಲ್ಲಿದ್ದ ತಂಬಿಗೆಯನ್ನು ನೋಡುತ್ತ ಹೇಳಿದಳು.

“ಹಸೀನಾ, ಬಾ. ನಿಮ್ಮ ಮಾಮುನ ಕೈಗೆ ನೀರ ಹಾಕು.”

ಒಳಗೆ ರಾಟಿ ನಿಂತಿತು.

ಇಷ್ಟು ಹೊತ್ತು ರಹಿಮತಬಿಯೊಬ್ಬಳಿಗೇ ಕೇಳಿಸುತ್ತಿದ್ದ ಆ ಸದ್ದು ನಿಂತದ್ದು ಎಲ್ಲರಿಗೂ ಕೇಳಿಸಿತು. ಕಟ್ಟೆಯ ಮೇಲಿದ್ದವರು ತಲೆ ಎತ್ತಿದರು. ಎದುರುಮನೆಯ ಬಾಗಿಲಲ್ಲಿ ಮಂಜವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹಸೀನಾ ಬಹಳ ಹೊತ್ತು ಅಲ್ಲೇ ನಿಂತಳು. ಆಮೇಲೆ ಮರೆ ಬಿಟ್ಟು ಹೊಸ್ತಿಲು ದಾಟಿ ಬಂದಳು, ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳಲಿಲ್ಲ. ಮಾಮುವಿನ ಮುಂದೆ ಯಾರೂ ಎಳೆದುಕೊಳ್ಳುವುದಿಲ್ಲ. ತಂಬಿಗೆ ಬಗ್ಗಿಸಿದಳು. ನಜೀರನ ಅಂಗೈಯಿಂದ ಗೋರಿಯ ಮಣ್ಣು ಕೆಂಪಗೆ ಇಳಿದು ಅವನ ಪಾದದ ಮೇಲೆ ಹರಿಯಿತು, ಆಮೇಲೆ ತಿಳಿಯಾಯಿತು. ಕಲ್ಲಿನ ನಡುವಿನ ಬಿಳಿ ಗೆರೆ ಮೇಲೆ ಬಂತು. ತಂಬಿಗೆ ಖಾಲಿಯಾದರೂ ಅವಳು ಅದನ್ನು ಬಗ್ಗಿಸಿಯೇ ಹಿಡಿದಿದ್ದಳು.